ಬೆಕ್ಕು ಇದ್ದಕ್ಕಿದ್ದಂತೆ ಬದಲಾಯಿತೇ? ಮೊದಲು ಮೂತ್ರ ನೋಡಿ

ಪ್ರಶ್ನೆ:

"ನಾವು ಗಿರಿನಗರದಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ಎರಡು ಬೆಕ್ಕುಗಳಿವೆ. 6 ವರ್ಷದ ಗಂಡು ಪುಟ್ಟ, 3 ವರ್ಷದ ಹೆಣ್ಣು ಗೌರಿ. ಎರಡಕ್ಕೂ ಸಂತಾನಹರಣ ಆಪರೇಷನ್ ಆಗಿದೆ. ಯಾರ ತೊಡೆ ಖಾಲಿ ಕಂಡರೂ ಹತ್ತಿ ಮಲಗುತ್ತಿದ್ದ ಪುಟ್ಟ ಮೂರು ವಾರದಿಂದ ಅವನಾಗಿಲ್ಲ. ಹಾಸಿಗೆ ಮೇಲೆ, ಕಾಲೊರಸಿನ ಮೇಲೆ ಮೂತ್ರ ಮಾಡುತ್ತಾನೆ. ಲಿಟರ್ ಟ್ರೇಗೆ ಹೋಗಿ ಕೂರುತ್ತಾನೆ, ಏಳುತ್ತಾನೆ, ಮತ್ತೆ ಹೋಗುತ್ತಾನೆ. ಹಗಲೆಲ್ಲ ಅಟ್ಟದ ಮೇಲೆ ಸೂಟ್‌ಕೇಸ್‌ಗಳ ಹಿಂದೆ ಇರುತ್ತಾನೆ. ಗೌರಿಯನ್ನು ಕಂಡರೆ ಬುಸುಗುಡುತ್ತಾನೆ, ಒಮ್ಮೆ ಕೂದಲು ಕಿತ್ತು ಹಾರುವಷ್ಟು ಜಗಳವಾಯಿತು. ನಾಲ್ಕು ದಿನದ ಹಿಂದೆ ನಮ್ಮತ್ತೆ ಹೊಟ್ಟೆ ಕೆಳಗೆ ಕೈ ಹಾಕಿ ಎತ್ತಿಕೊಳ್ಳಲು ಹೋದರು, ಮುಂಗೈಗೆ ರಕ್ತ ಬರುವಂತೆ ಕಚ್ಚಿದ. ಅತ್ತೆಗೆ ಶುಗರ್ ಇದೆ. ಪುಟ್ಟನಿಗೆ ರೇಬಿಸ್ ಲಸಿಕೆ ಹಾಕಿಸಿ ಎರಡು ವರ್ಷವಾಯಿತು, ಟೆರೇಸ್‌ಗೆ ಹೋಗಿ ಬರುತ್ತಾನೆ. ಪಕ್ಕದ ಮನೆ ಕೆಡವಿ ಬೋರ್‌ವೆಲ್ ಕೊರೆಸಿದರು, ಈಗ ಪಾಯದ ಕೆಲಸ ನಡೆಯುತ್ತಿದೆ. ಕಾಂಪೌಂಡ್ ಮೇಲೆ ಹೊಸ ಗಡವ ಬೆಕ್ಕೊಂದು ಬಂದು ಕೂರುತ್ತದೆ. ಇದಕ್ಕೆಲ್ಲ ಮುಂಚೆ ನಾವು ನಾಲ್ಕು ದಿನ ಮೈಸೂರಿಗೆ ಹೋಗಿದ್ದೆವು. ಬಿಟ್ಟು ಹೋಗಿದ್ದಕ್ಕೆ ಸೇಡು ಎನ್ನುತ್ತಾರೆ ಕೆಲವರು. ದೃಷ್ಟಿಯಾಗಿದೆ ಎನ್ನುತ್ತಾರೆ ಅತ್ತೆ. ಹುಚ್ಚು ಹಿಡಿದಿದೆ ಎನ್ನುತ್ತಾರೆ ಮನೆ ಓನರ್. ಮೆಡಿಕಲ್ ಶಾಪಿನಲ್ಲಿ ಆ್ಯಂಟಿಬಯೋಟಿಕ್ ತಂದು 5 ದಿನ ಕೊಟ್ಟೆವು, ಕಮ್ಮಿಯಾದಂತೆ ಕಂಡು ಮತ್ತೆ ಶುರುವಾಯಿತು. ಊಟ ಒಣ ಫುಡ್, ರಾತ್ರಿ ಸ್ವಲ್ಪ ಹಾಲು. ರಾಮನಗರದ ಹತ್ತಿರ ನೆಂಟರ ತೋಟಕ್ಕೆ ಬಿಟ್ಟುಬಿಡೋಣ ಎಂದು ಮನೆಯಲ್ಲಿ ಒತ್ತಾಯ. ಏನು ಮಾಡಲಿ?"

ಓದುಗರೊಬ್ಬರು, ಬೆಂಗಳೂರು

ಉತ್ತರ:

ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕಚ್ಚಿದ್ದಲ್ಲ, ಜಗಳವೂ ಅಲ್ಲ. "ಟ್ರೇಗೆ ಹೋಗಿ ಕೂರುತ್ತಾನೆ, ಏಳುತ್ತಾನೆ, ಮತ್ತೆ ಹೋಗುತ್ತಾನೆ" ಎಂದು ನಡುವೆ ಬರೆದಿದ್ದೀರಲ್ಲ, ಅದು. ಇದನ್ನು ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಟ್ರೇ ನೋಡಿ ಬನ್ನಿ. ಕಳೆದ 12 ಗಂಟೆಯಲ್ಲಿ ಪುಟ್ಟ ನಿಜವಾಗಿ ಮೂತ್ರ ಮಾಡಿದ್ದಾನೆಯೇ, ಎಷ್ಟು ಮಾಡಿದ್ದಾನೆ ಎಂಬುದು ಇವತ್ತೇ ಗೊತ್ತಾಗಬೇಕು.

ಮೂತ್ರ ತಾಗಿದಲ್ಲಿ ಉಂಡೆಗಟ್ಟುವ ಲಿಟರ್ (ಟ್ರೇಗೆ ತುಂಬುವ ಮರಳಿನಂಥ ಪುಡಿ) ಬಳಸುತ್ತಿದ್ದರೆ ಲೆಕ್ಕ ಸುಲಭ. ಆರೋಗ್ಯವಾಗಿರುವ ಬೆಕ್ಕು ದಿನಕ್ಕೆ ಎರಡು ಮೂರು ಸಲ ಹೋಗುತ್ತದೆ, ಪ್ರತಿ ಉಂಡೆಯೂ ನಿಂಬೆಹಣ್ಣಿನ ಗಾತ್ರಕ್ಕೆ ಕಡಿಮೆ ಇರುವುದಿಲ್ಲ. ಗೋಲಿಯಷ್ಟು ಸಣ್ಣ ಉಂಡೆಗಳು ಹತ್ತಾರು ಸಿಕ್ಕರೆ ಮೂತ್ರಕೋಶ ಉರಿಯುತ್ತಿದೆ ಎಂದರ್ಥ. ಉಂಡೆಯೇ ಸಿಗದೆ ಬೆಕ್ಕು ಮಾತ್ರ ಮತ್ತೆ ಮತ್ತೆ ಹೋಗಿ ತಿಣುಕುತ್ತಿದ್ದರೆ, ಮರ್ಮಾಂಗವನ್ನು ಬಿಡದೆ ನೆಕ್ಕುತ್ತಿದ್ದರೆ, ಕೂಗುತ್ತಿದ್ದರೆ, ವಾಂತಿ ಮಾಡಿದರೆ, ಮೂತ್ರನಾಳ ಕಟ್ಟಿಕೊಂಡಿರಬಹುದು. ಎರಡು ಬೆಕ್ಕಿಗೆ ಒಂದೇ ಟ್ರೇ ಇದ್ದರೆ ಯಾವ ಉಂಡೆ ಯಾರದ್ದೆಂದು ತಿಳಿಯುವುದಿಲ್ಲ. ಹಾಗಾಗಿ ಇವತ್ತಿನ ಮಟ್ಟಿಗೆ ಪುಟ್ಟನನ್ನು ಟ್ರೇ, ನೀರು, ಹಾಸಿಗೆ ಸಮೇತ ಒಂದು ಕೋಣೆಯಲ್ಲಿ ಬೇರೆ ಇಡಿ.

ಮೂತ್ರ ಕಟ್ಟಿಕೊಳ್ಳುವುದು ಹೆಚ್ಚಾಗಿ ಗಂಡು ಬೆಕ್ಕಿಗೆ. ಅದರ ಮೂತ್ರನಾಳ ತುದಿಗೆ ಬರುವಾಗ ತೀರಾ ಕಿರಿದಾಗುತ್ತದೆ. ಲೋಳೆ, ಹರಳು, ಸಣ್ಣ ಕಲ್ಲು, ಕೆಲವು ಸಲ ಬರೀ ಸ್ನಾಯುಸೆಳೆತವೂ ಅದನ್ನು ಮುಚ್ಚಿಬಿಡಬಲ್ಲದು. ಮೂತ್ರ ಹಿಂದಕ್ಕೆ ಒತ್ತಿ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ, ರಕ್ತದಲ್ಲಿ ಪೊಟ್ಯಾಷಿಯಂ ಏರುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಪೂರ್ತಿ ಕಟ್ಟಿಕೊಂಡ ಮೇಲೆ 24 ಗಂಟೆ ಕಳೆಯಿತೆಂದರೆ ಜೀವಕ್ಕೆ ಅಪಾಯ ಶುರು. ಎರಡು ಮೂರು ದಿನ ಹಾಗೇ ಬಿಟ್ಟರೆ ಬೆಕ್ಕು ಉಳಿಯುವುದು ಕಷ್ಟ. ಹೊಟ್ಟೆಯ ಹಿಂಭಾಗ ಮುಟ್ಟಿದಾಗ ಗಟ್ಟಿ ಮೂಸಂಬಿಯಂತೆ ಸಿಕ್ಕರೆ ಬೆಳಗಾಗಲಿ ಎಂದು ಕಾಯಬೇಡಿ. ಒತ್ತಿ ಮೂತ್ರ ಬರಿಸಲು ಮಾತ್ರ ಹೋಗಬೇಡಿ, ಮೂತ್ರಕೋಶ ಒಡೆಯುತ್ತದೆ. ರಾತ್ರಿಯೆಲ್ಲ ತೆರೆದಿರುವ ಖಾಸಗಿ ಪ್ರಾಣಿ ಆಸ್ಪತ್ರೆಗಳು ಬೆಂಗಳೂರಿನಲ್ಲಿ ಈಗ ಇವೆ. ನಿಮಗೆ ಹತ್ತಿರದ್ದು ಯಾವುದು, ಕ್ಯಾತಿಟರ್ (ಮೂತ್ರ ಹೊರತೆಗೆಯುವ ಸಣ್ಣ ನಳಿಕೆ) ಹಾಕುವ ವ್ಯವಸ್ಥೆ ಮತ್ತು ರಾತ್ರಿ ಡಾಕ್ಟರು ಇರುತ್ತಾರೆಯೇ ಎಂದು ಈಗಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.

ಪುಟ್ಟ ಹಾಸಿಗೆ ಒದ್ದೆಯಾಗುವಷ್ಟು ಮೂತ್ರ ಮಾಡುತ್ತಿದ್ದಾನೆಂದರೆ ಈ ಹೊತ್ತಿಗೆ ಪೂರ್ತಿ ಕಟ್ಟಿಕೊಂಡಿಲ್ಲ. ಆದರೂ ನಾಳೆ ಡಾಕ್ಟರ ಹತ್ತಿರ ಹೋಗಲೇಬೇಕು. ಇವತ್ತು ಉರಿ ಇರುವ ಗಂಡು ಬೆಕ್ಕಿಗೆ ನಾಳೆ ಕಟ್ಟಿಕೊಳ್ಳಬಹುದು.

ಅತ್ತೆಯವರ ಗಾಯ

ಬೆಕ್ಕಿನಷ್ಟೇ ತುರ್ತಾದ ಇನ್ನೊಂದು ವಿಷಯ ಇದು. ಬೆಕ್ಕಿನ ಹಲ್ಲು ಸೂಜಿಯಂಥದ್ದು. ಹೊರಗೆ ಸಣ್ಣ ಚುಕ್ಕೆ ಕಂಡರೂ ಒಳಗೆ ಆಳಕ್ಕೆ ಬ್ಯಾಕ್ಟೀರಿಯಾ ಬಿಟ್ಟು ಬರುತ್ತದೆ. ಕೈಯಲ್ಲಿ ಸ್ನಾಯುರಜ್ಜು, ಕೀಲು ಎಲ್ಲ ಚರ್ಮಕ್ಕೆ ಹತ್ತಿರ. ಅದರ ಮೇಲೆ ಶುಗರ್ ಬೇರೆ. ಕೆಂಪು, ಊತ, ಮಿಡಿಯುವ ನೋವು ಇದ್ದರೆ ಅವರಿಗೆ ಆ್ಯಂಟಿಬಯೋಟಿಕ್ ಬೇಕಾಗುತ್ತದೆ, ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತೆಂದೂ ಡಾಕ್ಟರು ಕೇಳುತ್ತಾರೆ.

ರೇಬಿಸ್ ವಿಷಯದಲ್ಲಿ ನಿಮ್ಮ ಓನರ್ ಹೇಳಿದ್ದನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. ಬೆಕ್ಕಿಗೂ ರೇಬಿಸ್ ಬರುತ್ತದೆ, ಪುಟ್ಟನ ಲಸಿಕೆಯ ಅವಧಿ ಮೀರಿದೆ, ಅವನು ಹೊರಗೆ ಹೋಗುತ್ತಾನೆ. ಆದರೆ ನೀವು ಬರೆದದ್ದರಲ್ಲೇ ಸಮಾಧಾನದ ಅಂಶವೂ ಇದೆ. ರೇಬಿಸ್ ಲಕ್ಷಣ ಶುರುವಾದ ಬೆಕ್ಕು ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತದೆ. ದನಿ ಬದಲಾಗುತ್ತದೆ, ಜೊಲ್ಲು ಸುರಿಯುತ್ತದೆ, ಹಿಂಗಾಲು ತಡವರಿಸುತ್ತದೆ, ನುಂಗಲಾಗುವುದಿಲ್ಲ. ಪುಟ್ಟ ಮೂರು ವಾರದಿಂದ ಹೀಗಿದ್ದೂ ತಿನ್ನುತ್ತಿದ್ದಾನೆ, ಅಟ್ಟ ಹತ್ತುತ್ತಿದ್ದಾನೆ. ಇದು ರೇಬಿಸ್‌ನ ನಡೆಯಲ್ಲ. ಹಾಗೆಂದು ಅತ್ತೆಯವರು ಕಾದು ನೋಡುವುದು ಬೇಡ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕಿತ್ತು. ತೊಳೆದಿಲ್ಲವಾದರೆ ಈಗಲಾದರೂ ತೊಳೆಯಿರಿ. ಅರಿಸಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಮೆತ್ತಬೇಡಿ. ರಕ್ತ ಬಂದ ಕಡಿತವನ್ನು ಮೂರನೇ ವರ್ಗದ್ದೆಂದು, ಅಂದರೆ ಹೆಚ್ಚು ಅಪಾಯದ್ದೆಂದು ಪರಿಗಣಿಸುತ್ತಾರೆ. ಅದಕ್ಕೆ ಲಸಿಕೆಯ ಜೊತೆಗೆ ಗಾಯಕ್ಕೇ ಕೊಡುವ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯ) ಕೂಡ ಬೇಕು. ಲಸಿಕೆಯನ್ನು ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28ನೇ ದಿನ, ಚರ್ಮದೊಳಗೆ ಕೊಡುವುದಾದರೆ 0, 3, 7, 28ನೇ ದಿನ. ನಾಲ್ಕು ದಿನ ತಡವಾಗಿದೆ ಎಂಬ ಕಾರಣಕ್ಕೆ ಬಿಡಬೇಡಿ, ಹೋದ ದಿನವೇ 0ನೇ ದಿನ. ಕಚ್ಚಿದ ದಿನದಿಂದ 10 ದಿನ ಪುಟ್ಟ ಚೆನ್ನಾಗಿದ್ದರೆ ಲಸಿಕೆ ಮುಂದುವರಿಸಬೇಕೇ ಬೇಡವೇ ಎಂದು ಡಾಕ್ಟರು ಹೇಳುತ್ತಾರೆ. ಈ ಹತ್ತು ದಿನ ಡಾಕ್ಟರ ಹತ್ತಿರ ಒಯ್ಯುವುದು ಬಿಟ್ಟರೆ ಅವನು ಮನೆಯಿಂದ ಹೊರಗೆ ಹೋಗಬಾರದು. ಇವತ್ತೇ ತೋಟಕ್ಕೆ ಕಳಿಸಬಾರದು ಎನ್ನಲು ಇದೂ ಒಂದು ಕಾರಣ.

ಸೇಡು, ದೃಷ್ಟಿ, ಬೋರ್ ನೀರು

ಬೆಕ್ಕಿಗೆ ಸೇಡಿಲ್ಲ. "ಇವರು ಮೈಸೂರಿಗೆ ಹೋದರು, ನಾನು ಹಾಸಿಗೆ ಹಾಳುಮಾಡುತ್ತೇನೆ" ಎಂದು ದಿನಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡು ಯೋಜಿಸುವ ಶಕ್ತಿ ಅದಕ್ಕಿದೆ ಎನ್ನಲು ಆಧಾರವಿಲ್ಲ. ಹಾಸಿಗೆಯನ್ನೇ ಆರಿಸಿಕೊಳ್ಳಲು ಕಾರಣ ಸರಳ. ಉರಿ ಮೂತ್ರವಾದಾಗ ಬೆಕ್ಕು ನೋವನ್ನು ಟ್ರೇಗೆ ತಳುಕು ಹಾಕುತ್ತದೆ. "ಅಲ್ಲಿ ಹೋದರೆ ನೋಯುತ್ತದೆ" ಎಂದು ಬೇರೆ ಜಾಗ ಹುಡುಕುತ್ತದೆ. ಮೆತ್ತಗಿರುವ, ಹೀರಿಕೊಳ್ಳುವ, ನಿಮ್ಮ ವಾಸನೆಯಿರುವ ಜಾಗ ಅದಕ್ಕೆ ಧೈರ್ಯ ಕೊಡುತ್ತದೆ. ಕಾಲೊರಸಿಗೂ ಇದೇ ಗುಣ. ಮೂತ್ರಕ್ಕೆ ಮೂತಿ ಉಜ್ಜಿ "ಪಾಠ ಕಲಿಸುವ" ಪದ್ಧತಿ ಇನ್ನೂ ಇದೆ, ಬಹಳ ನೋವಾಗುತ್ತದೆ ಅದನ್ನು ಕೇಳಿದರೆ. ಅದರಿಂದ ಬೆಕ್ಕು ಕಲಿಯುವುದು ನಿಮ್ಮನ್ನು ಕಂಡರೆ ಹೆದರುವುದನ್ನು ಮಾತ್ರ. ಹೆದರಿಕೆ ಮೂತ್ರಕೋಶವನ್ನು ಇನ್ನಷ್ಟು ಕೆಡಿಸುತ್ತದೆ.

ದೃಷ್ಟಿಯ ಮಾತು ಬರುವುದು ಬೆಕ್ಕು ಖಾಲಿ ಗೋಡೆ ನೋಡುತ್ತ ಕೂತಾಗ, ಏನೂ ಇಲ್ಲದ ಕಡೆಗೆ ಬುಸುಗುಟ್ಟಿದಾಗ. ನಮ್ಮ ಕಿವಿ 20 ಕಿಲೋಹರ್ಟ್ಸ್‌ಗೆ ನಿಂತುಹೋಗುತ್ತದೆ. ಬೆಕ್ಕಿಗೆ 60 ಕಿಲೋಹರ್ಟ್ಸ್ ದಾಟಿದ ಸದ್ದೂ ಕೇಳುತ್ತದೆ. ಅಟ್ಟದ ಹಿಂದಿನ ಇಲಿಮರಿ, ಸ್ವಿಚ್‌ಬೋರ್ಡ್ ಹಿಂದಿನ ಹಲ್ಲಿ ಅದಕ್ಕೆ ಸ್ಪಷ್ಟ. ಅತ್ತೆಯವರು ದೃಷ್ಟಿ ತೆಗೆಯುವುದಾದರೆ ತೆಗೆಯಲಿ, ಮೆಣಸಿನಕಾಯಿ ಹೊಗೆ ಮಾತ್ರ ಬೆಕ್ಕಿರುವ ಕೋಣೆಯಲ್ಲಿ ಬೇಡ. ಇದಕ್ಕೆ ಒಂದು ಅಪವಾದ ಇದೆ: ಬೆಕ್ಕು ಗೋಡೆಗೆ ತಲೆಯನ್ನು ಒತ್ತಿಕೊಂಡು ನಿಂತರೆ ಅದು ಮಿದುಳಿನ ತೊಂದರೆಯ ಗುರುತು, ಆವತ್ತೇ ತೋರಿಸಬೇಕು.

ಬೋರ್‌ವೆಲ್ ನೀರು ಕುಡಿದೇ ಬೆಕ್ಕಿಗೆ ಕಲ್ಲಾಗುತ್ತದೆ ಎಂಬ ಮಾತು ನಮ್ಮ ಊರಿನಲ್ಲಿ ಬಹಳ ಬಳಕೆಯಲ್ಲಿದೆ. ಕಾವೇರಿ ಬಾರದ ಬಡಾವಣೆಗಳಲ್ಲಿ ಬಕೆಟ್ಟಿಗೆಲ್ಲ ಬಿಳಿ ಕಟ್ಟುವುದನ್ನು ನೋಡಿದವರಿಗೆ ಹಾಗನ್ನಿಸುವುದು ಸಹಜ. ಆದರೆ ನೀರಿನ ಗಡಸಿಗಿಂತ, ಬೆಕ್ಕು ಎಷ್ಟು ಕಡಿಮೆ ನೀರು ಕುಡಿಯುತ್ತದೆ ಎಂಬುದೇ ದೊಡ್ಡ ಸಂಗತಿ.

ಆ್ಯಂಟಿಬಯೋಟಿಕ್‌ನಿಂದ ಕಮ್ಮಿಯಾಯಿತಲ್ಲ ಎಂದು ಕೇಳುತ್ತೀರಿ. ಪುಟ್ಟನ ವಯಸ್ಸಿನ ಬೆಕ್ಕುಗಳಲ್ಲಿ ಮೂತ್ರಕ್ಕೆ ಬ್ಯಾಕ್ಟೀರಿಯಾ ಸೋಂಕು ಅಪರೂಪ. ಹತ್ತು ವರ್ಷ ದಾಟಿದ ಬೆಕ್ಕಿನಲ್ಲಿ ಹೆಚ್ಚು. ನನಗೆ ಅನುಮಾನ ಇರುವ ಕಾಯಿಲೆ ಒಂದು ವಾರದೊಳಗೆ ತಾನಾಗಿಯೇ ಇಳಿಯುತ್ತದೆ, ಮತ್ತೆ ತಾನಾಗಿಯೇ ಏರುತ್ತದೆ. ಇಳಿಯುವ ಹೊತ್ತಿಗೆ ಯಾವ ಮಾತ್ರೆ ಬಾಯಿಯಲ್ಲಿತ್ತೋ ಅದಕ್ಕೆ ಹೆಸರು ಬರುತ್ತದೆ.

ಒಳಗೆ ಏನು ನಡೆಯುತ್ತಿದೆ

ಪುಟ್ಟನ ಚಿತ್ರಕ್ಕೆ ಹೆಚ್ಚು ಹೊಂದುವ ಕಾಯಿಲೆಯ ಹೆಸರು ಫೆಲೈನ್ ಇಡಿಯೋಪಥಿಕ್ ಸಿಸ್ಟೈಟಿಸ್, ಡಾಕ್ಟರುಗಳ ಬಾಯಲ್ಲಿ ಎಫ್‌ಐಸಿ. ಸೋಂಕಿಲ್ಲದೆ, ಕಲ್ಲಿಲ್ಲದೆ ಮೂತ್ರಕೋಶ ಉರಿದುಕೊಳ್ಳುವುದು. ಹತ್ತು ವರ್ಷದೊಳಗಿನ ಬೆಕ್ಕುಗಳ ಮೂತ್ರದ ತೊಂದರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇದರದ್ದೇ. ಕೆಲವು ಬೆಕ್ಕುಗಳ ನರಮಂಡಲ ಹುಟ್ಟಿನಿಂದಲೇ ಅತಿ ಎಚ್ಚರದ್ದು. ಆತಂಕವಾದಾಗ ಮೂತ್ರಕೋಶದ ನರಗಳು ಕೆರಳುತ್ತವೆ, ಒಳಗೋಡೆಯನ್ನು ಕಾಯುವ ಲೋಳೆಯ ಪದರ ತೆಳುವಾಗುತ್ತದೆ, ಗಾಢವಾದ ಮೂತ್ರ ನೇರವಾಗಿ ಗೋಡೆಗೆ ತಾಗಿ ಉರಿಸುತ್ತದೆ. ಅಂದರೆ ಆತಂಕ ಬೆಕ್ಕಿನ ಮನಸ್ಸಿನಲ್ಲೇ ಉಳಿಯುವುದಿಲ್ಲ, ಮೂತ್ರಕೋಶಕ್ಕೆ ಇಳಿಯುತ್ತದೆ.

ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದ ಟೋನಿ ಬಫಿಂಗ್ಟನ್ ಮತ್ತು ಜೊತೆಗಾರರು ಈ ಕಾಯಿಲೆಯ ಮೇಲೆ ದೀರ್ಘಕಾಲ ಕೆಲಸ ಮಾಡಿದವರು. 2011ರಲ್ಲಿ ಪ್ರಕಟವಾದ ಅವರ ಅಧ್ಯಯನವೊಂದರಲ್ಲಿ ಎಫ್‌ಐಸಿ ಇರುವ ಬೆಕ್ಕುಗಳನ್ನೂ ಆರೋಗ್ಯವಂತ ಬೆಕ್ಕುಗಳನ್ನೂ ಒಟ್ಟಿಗೆ ಗಮನಿಸಿದರು. ಊಟದ ಹೊತ್ತು, ನೋಡಿಕೊಳ್ಳುವ ಜನ, ದಿನಚರಿ ಬದಲಾದ ವಾರಗಳಲ್ಲಿ ಆರೋಗ್ಯವಂತ ಬೆಕ್ಕುಗಳೂ ಊಟ ಬಿಟ್ಟವು, ವಾಂತಿ ಮಾಡಿದವು, ಟ್ರೇ ಹೊರಗೆ ಗಲೀಜು ಮಾಡಿದವು. ನಿಮ್ಮ ಮೈಸೂರು ಪ್ರಯಾಣ ಸೇಡಿಗೆ ಕಾರಣವಲ್ಲ ಎಂದೆ. ಆದರೆ ಕಾಯಿಲೆಗೆ ಮೊದಲ ಮೆಟ್ಟಿಲಾಗಿರಬಹುದು. ಅದರ ಮೇಲೆ ಬೋರ್‌ವೆಲ್ ಲಾರಿ, ಅದರ ಮೇಲೆ ಜೆಸಿಬಿ, ಅದರ ಮೇಲೆ ಕಿಟಕಿಯಾಚೆ ಕೂತ ಗಡವ.

ಈಗ ಕಚ್ಚಿದ್ದನ್ನು ನೋಡಿ. ಅತ್ತೆಯವರು ಕೈ ಹಾಕಿದ್ದು ಹೊಟ್ಟೆಯ ಕೆಳಗೆ, ಸರಿಯಾಗಿ ಉರಿಯುತ್ತಿರುವ ಜಾಗಕ್ಕೆ. ನೋವಿರುವ ಬೆಕ್ಕು ಕಚ್ಚುತ್ತದೆ, ಅದಕ್ಕೆ ಇರುವ ಮಾತು ಅದೊಂದೇ. ಗೌರಿಯ ಜಗಳಕ್ಕೆ ಎರಡು ಬೇರು ಇರಬಹುದು. ನೋವಿನ ಅಸಹನೆ ಒಂದು. ಇನ್ನೊಂದು, ಕಿಟಕಿಯಲ್ಲಿ ಗಡವನನ್ನು ಕಂಡು ಮೈ ಉಬ್ಬಿಸಿದ ಪುಟ್ಟನಿಗೆ ಅವನು ಸಿಗುವುದಿಲ್ಲ. ಆ ಹೊತ್ತಿಗೆ ಪಕ್ಕದಲ್ಲಿ ಹಾದುಹೋದ ಗೌರಿಯ ಮೇಲೆ ಸಿಟ್ಟು ತಿರುಗುತ್ತದೆ. ಈ ಕೆರಳು ಹತ್ತು ನಿಮಿಷದಲ್ಲಿ ಇಳಿಯುವುದಿಲ್ಲ, ಗಂಟೆಗಟ್ಟಲೆ, ಕೆಲವೊಮ್ಮೆ ಮಾರನೇ ದಿನದವರೆಗೂ ಇರುತ್ತದೆ. ಆಗ ಬೆಕ್ಕನ್ನು ಮುಟ್ಟಬಾರದು, ನಡುವೆ ಕೈ ಹಾಕಬಾರದು. ದಿಂಬೋ ರಟ್ಟೋ ಅಡ್ಡ ಹಿಡಿದು ಬೇರೆ ಮಾಡಿ, ಕತ್ತಲ ಕೋಣೆಗೆ ಬಿಟ್ಟು ಬಾಗಿಲು ಹಾಕಿ.

ಮೂತ್ರವೋ, ಗುರುತು ಹಾಕುವ ಚಿಮುಕೋ ಎಂಬುದನ್ನೂ ಗಮನಿಸಿ. ನಿಂತು, ಬಾಲ ನೆಟ್ಟಗೆ ಎತ್ತಿ ನಡುಗಿಸುತ್ತ, ಗೋಡೆಗೋ ಬಾಗಿಲ ಚೌಕಟ್ಟಿಗೋ ಸ್ವಲ್ಪವೇ ಚಿಮುಕಿಸಿದರೆ ಅದು ಗಡಿ ಗುರುತು. ಕಿಟಕಿ, ಬಾಲ್ಕನಿ ಬಾಗಿಲ ಹತ್ತಿರ ಹೆಚ್ಚು. ಆಪರೇಷನ್ ಆದ ಗಂಡುಗಳಲ್ಲೂ ಹತ್ತಕ್ಕೊಂದು ಹೀಗೆ ಮಾಡುವುದುಂಟು. ಕುಕ್ಕರಗಾಲಲ್ಲಿ ಕೂತು ನೆಲಕ್ಕೆ, ಬಟ್ಟೆಗೆ ಮಾಡಿದರೆ ಅದು ಮೂತ್ರವೇ. ನೀವು ಬರೆದದ್ದು ಎರಡನೆಯದು.

ಡಾಕ್ಟರ ಹತ್ತಿರ ಹೋದಾಗ

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ಹಗಲಿನ ಹೊತ್ತಿಗೆ ಇವೆ. ನಿಮ್ಮ ಬಡಾವಣೆಯ ಖಾಸಗಿ ಕ್ಲಿನಿಕ್ ಆದರೂ ಸರಿ, ಸ್ಕ್ಯಾನಿಂಗ್ ಇದ್ದರೆ ಒಳ್ಳೆಯದು. ಟೂ ವೀಲರ್ ಮೇಲೆ ಚೀಲದಲ್ಲಿ ಒಯ್ಯಬೇಡಿ. ಕ್ಯಾರಿಯರ್‌ನಲ್ಲಿ ಅವನು ಮಲಗಿದ್ದ ಹಳೇ ಬೆಡ್‌ಶೀಟ್ ಹಾಸಿ, ಮೇಲೆ ಬಟ್ಟೆ ಮುಚ್ಚಿ, ಆಟೋದಲ್ಲೋ ಕಾರಿನಲ್ಲೋ ಹೋಗಿ.

ಮೂತ್ರದ ಸ್ಯಾಂಪಲ್ ಮನೆಯಲ್ಲೇ ಹಿಡಿಯಬಹುದು. ಟ್ರೇ ತೊಳೆದು ಒಣಗಿಸಿ, ಲಿಟರ್ ಬದಲು ಚೆನ್ನಾಗಿ ತೊಳೆದ ಅಕ್ವೇರಿಯಂ ಕಲ್ಲು ತೆಳ್ಳಗೆ ಹರಡಿ. ಅವನು ಹೋದ ಮೇಲೆ ಟ್ರೇ ವಾಲಿಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ 3ರಿಂದ 5 ಎಂ.ಎಲ್. ಎಳೆದುಕೊಳ್ಳಿ. ಫ್ರಿಜ್ಜಿನಲ್ಲಿಟ್ಟರೆ ತಣ್ಣಗಾದಾಗ ಇಲ್ಲದ ಹರಳುಗಳು ಹುಟ್ಟುತ್ತವೆ. ಆದ್ದರಿಂದ ಒಂದು ಗಂಟೆಯೊಳಗೆ ತಲುಪಿಸಿ. ಸೋಂಕು ನೋಡುವ ಕಲ್ಚರ್‌ಗೆ ಈ ಸ್ಯಾಂಪಲ್ ಆಗುವುದಿಲ್ಲ, ಅದಕ್ಕೆ ಡಾಕ್ಟರು ಹೊಟ್ಟೆಯ ಮೂಲಕ ಸಣ್ಣ ಸೂಜಿಯಲ್ಲಿ ತೆಗೆಯುತ್ತಾರೆ. ನೋಡಿದರೆ ಭಯವಾಗುತ್ತದೆ, ಬೆಕ್ಕಿಗೆ ಒಂದು ಇಂಜೆಕ್ಷನ್‌ನಷ್ಟೇ ನೋವು.

ಕಲ್ಲು ಇಲ್ಲವೆಂದು ಖಚಿತವಾಗದೆ ಎಫ್‌ಐಸಿ ಎನ್ನುವಂತಿಲ್ಲ. ಹಾಗಾಗಿ ಎಕ್ಸ್‌ರೇ ಅಥವಾ ಸ್ಕ್ಯಾನ್ ಮಾಡಿಸಿ. ಸ್ಟ್ರೂವೈಟ್ ಕಲ್ಲಾದರೆ ವಿಶೇಷ ಆಹಾರದಿಂದ ಕೆಲವು ವಾರಗಳಲ್ಲಿ ಕರಗುತ್ತದೆ. ಕ್ಯಾಲ್ಸಿಯಂ ಆಕ್ಸಲೇಟ್ ಕರಗುವುದಿಲ್ಲ, ತೆಗೆಸಬೇಕು. ಕಲ್ಲಿಲ್ಲದೆ ಮೂತ್ರದಲ್ಲಿ ನಾಲ್ಕು ಹರಳು ಕಂಡವು ಎಂದರೆ ಅದೇ ಕಾಯಿಲೆಯಲ್ಲ. ಬಾಯಿ ತೆರೆಸಿ ಹಲ್ಲು, ವಸಡು ನೋಡಲು ಹೇಳಿ. ಹಲ್ಲುನೋವೂ ಇದೇ ರೀತಿ ಬೆಕ್ಕನ್ನು ಮೂಲೆ ಹಿಡಿಸುತ್ತದೆ. ಪುಟ್ಟನಿಗೆ ಹತ್ತು ವರ್ಷ ದಾಟಿದ್ದರೆ ನನ್ನ ಉತ್ತರ ಬೇರೆಯೇ ಇರುತ್ತಿತ್ತು. ಆಗ ಥೈರಾಯ್ಡ್, ರಕ್ತದೊತ್ತಡ, ಮೂತ್ರಪಿಂಡ, ಕೀಲುನೋವು ಮೊದಲು ಬರುತ್ತವೆ. ರಾತ್ರಿ ವಿಕಾರವಾಗಿ ಕೂಗುವ, ಚೆನ್ನಾಗಿ ತಿಂದೂ ಬಡಕಲಾಗುವ ಮುದಿ ಬೆಕ್ಕಿಗೆ ರಕ್ತಪರೀಕ್ಷೆ ಬೇಕು.

ಎಫ್‌ಐಸಿ ಎಂದಾದರೆ ಮೊದಲ ಔಷಧಿ ನೋವು ನಿವಾರಕ. ಅದನ್ನು ಡಾಕ್ಟರೇ ಬರೆಯಬೇಕು. ಮನೆಯ ಡೋಲೋ, ಕ್ರೋಸಿನ್ ಕಡೆಗೆ ಕೈ ಹೋಗದಿರಲಿ. ಪ್ಯಾರಾಸಿಟಮಾಲ್ ಅನ್ನು ಒಡೆದು ಹೊರಹಾಕುವ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗೆ ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಮಾತ್ರೆಗೆ ರಕ್ತ ಕಂದಾಗಿ, ಮುಖ ಊದಿ, ಉಸಿರು ಸಿಗದೆ ಸಾಯುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೂತ್ರಪಿಂಡವನ್ನು ಕೆಡಿಸುತ್ತವೆ.

ಮನೆಯಲ್ಲಿ ಬದಲಿಸಬೇಕಾದ್ದು

ಎಫ್‌ಐಸಿಗೆ ನಿಜವಾದ ಚಿಕಿತ್ಸೆ ಮನೆಯೇ. ಇಲ್ಲಿ ಅರೆಬರೆ ಮಾಡಿದರೆ ಔಷಧಿ ನಿಲ್ಲಿಸಿದ ವಾರಕ್ಕೆ ಮರುಕಳಿಸುತ್ತದೆ.

ನೀರಿನಿಂದ ಶುರುಮಾಡಿ. ಬೆಕ್ಕಿಗೆ ದಿನಕ್ಕೆ ಒಂದು ಕೆಜಿ ತೂಕಕ್ಕೆ ಸುಮಾರು 50 ಎಂ.ಎಲ್. ನೀರು ಬೇಕು, ಊಟದಲ್ಲಿರುವುದೂ ಸೇರಿ. ಪುಟ್ಟ 5 ಕೆಜಿ ಇದ್ದರೆ 250 ಎಂ.ಎಲ್. ಒಣ ಫುಡ್‌ನಲ್ಲಿ ನೀರು ನೂರಕ್ಕೆ ಹತ್ತರಷ್ಟು, ಪೌಚ್‌ನಲ್ಲಿ ಬರುವ ಹಸಿ ಫುಡ್‌ನಲ್ಲಿ 75ಕ್ಕಿಂತ ಹೆಚ್ಚು. ಬೆಕ್ಕಿಗೆ ಬಾಯಾರಿಕೆ ಸ್ವಭಾವತಃ ಕಡಿಮೆ, ಒಣ ಫುಡ್ ತಿಂದಷ್ಟಕ್ಕೆ ತಕ್ಕಂತೆ ಅದು ಕುಡಿಯುವುದಿಲ್ಲ. ಆದ್ದರಿಂದ 7ರಿಂದ 10 ದಿನದಲ್ಲಿ ನಿಧಾನಕ್ಕೆ ದಿನದ ಅರ್ಧದಷ್ಟಾದರೂ ಊಟವನ್ನು ಪೌಚ್‌ಗೆ ಬದಲಿಸಿ, ಅದಕ್ಕೆ ಎರಡು ಚಮಚ ಬೆಚ್ಚನೆ ನೀರು ಬೆರೆಸಿ. ನೀರಿನ ಬಟ್ಟಲು ಅಗಲವಾಗಿರಲಿ, ಊಟದ ತಟ್ಟೆಯಿಂದ ದೂರವಿರಲಿ, ಮನೆಯಲ್ಲಿ ಮೂರು ಕಡೆ ಇರಲಿ. ಹಾಲು ನಿಲ್ಲಿಸಿ, ದೊಡ್ಡ ಬೆಕ್ಕಿಗೆ ಲ್ಯಾಕ್ಟೋಸ್ ಅರಗುವುದಿಲ್ಲ, ಭೇದಿಯಾದರೆ ನೀರೇ ನಷ್ಟ. ಚಿಕನ್ ಬೇಯಿಸಿದ ನೀರು ಕೊಡುವವರು ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಹಾಕದೆ ಬೇಯಿಸಬೇಕು. ಮನೆ ಸಸ್ಯಾಹಾರವೆಂದು ಬೆಕ್ಕಿಗೂ ಹಾಲನ್ನ, ಮೊಸರನ್ನ ಮಾತ್ರ ಹಾಕುವವರಿಗೆ ಒಂದು ಮಾತು: ಟಾರಿನ್ ಎಂಬ ಅಂಶ ಬೆಕ್ಕಿಗೆ ಮಾಂಸದಿಂದಲೇ ಬರಬೇಕು. ಅದಿಲ್ಲದೆ ಕಣ್ಣಿನ ರೆಟಿನಾ ಸಾಯುತ್ತದೆ. ಹೃದಯ ಊದಿಕೊಳ್ಳುತ್ತದೆ ಎಂಬುದು 1987ರಲ್ಲೇ ಸ್ಪಷ್ಟವಾಗಿದೆ. ಅಂಥ ಮನೆಯವರಿಗೆ ಟಾರಿನ್ ಇರುವ ಪ್ಯಾಕೆಟ್ ಆಹಾರವೇ ದಾರಿ.

ಟ್ರೇ ಎಷ್ಟಿರಬೇಕು? ಬೆಕ್ಕಿನ ಸಂಖ್ಯೆಗಿಂತ ಒಂದು ಹೆಚ್ಚು. ನಿಮಗೆ ಮೂರು, ಅದೂ ಬೇರೆ ಬೇರೆ ಜಾಗದಲ್ಲಿ. ಮೂರನ್ನೂ ಯುಟಿಲಿಟಿಯಲ್ಲಿ ಸಾಲಾಗಿಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ. ವಾಷಿಂಗ್ ಮಷಿನ್ ಪಕ್ಕ ಬೇಡ. ಅಂಗಡಿಯ ಟ್ರೇಗಳು ಸಾಮಾನ್ಯವಾಗಿ ಚಿಕ್ಕವು. ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟು ಬೇಕು. ಸುಮಾರು ಎರಡಡಿ ಉದ್ದದ ಪ್ಲಾಸ್ಟಿಕ್ ಸ್ಟೋರೇಜ್ ಟಬ್ ತಂದು ಒಂದು ಬದಿಯನ್ನು ಐದಾರು ಇಂಚು ಎತ್ತರ ಬಿಟ್ಟು ಕತ್ತರಿಸಿದರೆ ಸಾಕು, ಅಂಚಿಗೆ ಟೇಪು ಸುತ್ತಿ. ಲಿಟರ್ ಎರಡು ಇಂಚು ಆಳ, ಸುವಾಸನೆ ಇಲ್ಲದ್ದು, ಸಣ್ಣ ಕಾಳಿನದ್ದು. ಪಕ್ಕದಲ್ಲಿ ಕಟ್ಟಡ ಏಳುತ್ತಿದೆಯೆಂದು ಅಲ್ಲಿನ ಎಂ-ಸ್ಯಾಂಡ್ ತರಬೇಡಿ. ದೂಳು ಜಾಸ್ತಿ, ಮೇಲಾಗಿ ಆ ಗುಡ್ಡೆ ಬೀದಿಬೆಕ್ಕುಗಳ ಶೌಚಾಲಯ. ಆ ವಾಸನೆ ಮನೆಯೊಳಗೆ ಬಂದರೆ ಪುಟ್ಟನ ಆತಂಕ ಇಮ್ಮಡಿಯಾಗುತ್ತದೆ. ದಿನಕ್ಕೆ ಎರಡು ಸಲ ಉಂಡೆ ತೆಗೆಯಿರಿ.

ಒದ್ದೆಯಾದ ಹಾಸಿಗೆಯನ್ನು ಫಿನೈಲ್‌ನಿಂದ ಒರೆಸುವುದು ನಮ್ಮ ಮನೆಗಳ ರೂಢಿ. ಎರಡು ಕಾರಣಕ್ಕೆ ಬೇಡ. ಫಿನಾಲ್ ಜಾತಿಯ ರಾಸಾಯನಿಕಗಳನ್ನೂ ಬೆಕ್ಕಿನ ಯಕೃತ್ತು ಅರಗಿಸಿಕೊಳ್ಳಲಾರದು; ನೆಲದಿಂದ ಪಾದಕ್ಕೆ, ಪಾದದಿಂದ ನಾಲಿಗೆಗೆ ಹೋಗುತ್ತದೆ. ಜೊತೆಗೆ ಫಿನೈಲ್ ವಾಸನೆ ನಮ್ಮ ಮೂಗಿಗೆ ಮೂತ್ರವನ್ನು ಮುಚ್ಚುತ್ತದೆಯೇ ಹೊರತು ಬೆಕ್ಕಿನ ಮೂಗಿಗಲ್ಲ. ಬ್ಲೀಚಿಂಗ್ ಮೂತ್ರದ ಅಮೋನಿಯಾ ಜೊತೆ ಸೇರಿದರೆ ವಿಷಗಾಳಿ ಏಳುತ್ತದೆ. ಪೆಟ್ ಶಾಪಿನಲ್ಲಿ ಎಂಜೈಮ್ ಕ್ಲೀನರ್ ಸಿಗುತ್ತದೆ. ಮೊದಲು ಒಣ ಬಟ್ಟೆಯಿಂದ ಒತ್ತಿ ಹೀರಿ, ತಣ್ಣೀರು ಹಾಕಿ ಮತ್ತೆ ಹೀರಿ, ಆಮೇಲೆ ಕ್ಲೀನರ್ ಅನ್ನು ಮೂತ್ರ ಇಳಿದಷ್ಟೇ ಆಳಕ್ಕೆ ಇಳಿಯುವಂತೆ ಸುರಿದು 15 ನಿಮಿಷ ಬಿಟ್ಟು ಗಾಳಿಗೆ ಒಣಗಿಸಿ. ಹಾಸಿಗೆಗೆ ಎರಡು ಮೂರು ಸಲ ಬೇಕಾದೀತು. ಬೀರುವಿನ ನುಸಿಗುಳಿಗೆಯನ್ನೂ ಬೆಕ್ಕಿಗೆ ಸಿಗದಂತೆ ಇಡಿ, ಅದೂ ವಿಷ.

ಅಟ್ಟದಿಂದ ಅವನನ್ನು ಎಳೆದು ಇಳಿಸಬೇಡಿ. ಎತ್ತರದ, ಕತ್ತಲ, ಹಿಂದೆ ಗೋಡೆಯಿರುವ ಜಾಗ ಅವನು ತಾನೇ ಕಂಡುಕೊಂಡ ಮದ್ದು. ಅಲ್ಲೇ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಳೇ ಸ್ವೆಟರ್ ಹಾಸಿ. ನೀವು ನೋಡಬೇಕಾದ್ದು ಊಟಕ್ಕೆ, ಮೂತ್ರಕ್ಕೆ ಇಳಿಯುತ್ತಾನೆಯೇ ಎಂದು. ಎರಡು ದಿನ ಏನೂ ತಿನ್ನದಿದ್ದರೆ, ದಪ್ಪ ಬೆಕ್ಕಾದರೆ ಇನ್ನೂ ಬೇಗ, ಯಕೃತ್ತಿಗೆ ಕೊಬ್ಬು ಕಟ್ಟುತ್ತದೆ. ಆಗ ಮತ್ತೆ ಆಸ್ಪತ್ರೆ. ಗಡವ ಕಾಣುವ ಕಿಟಕಿಯ ಕೆಳಗಿನ ಮೂರಡಿಗೆ ಸದ್ಯ ಪೇಪರ್ ಅಂಟಿಸಿ, ಆಮೇಲೆ ಮಸುಕು ಫಿಲ್ಮ್ ಹಾಕಿಸಿ. ಕಾಂಪೌಂಡ್ ಮೇಲೆ ಮಿಕ್ಕ ಅನ್ನ ಇಡುವುದನ್ನು ನಿಲ್ಲಿಸಿ. ಪ್ರಾಣಿ ಕಲ್ಯಾಣ ಸಂಸ್ಥೆಯೊಂದರ ನೆರವಿನಿಂದ ಆ ಗಡವನಿಗೆ ಆಪರೇಷನ್ ಮಾಡಿಸಿದರೆ ಇಡೀ ಬೀದಿಗೆ ಉಪಕಾರ.

ಗೌರಿ ಮತ್ತು ಪುಟ್ಟ ಸದ್ಯ ಬೇರೆ ಬೇರೆ ಇರಲಿ, ಕನಿಷ್ಠ ಒಂದು ವಾರ, ಪುಟ್ಟನ ಮೂತ್ರ ಸರಿಯಾಗುವವರೆಗೆ. ಆಸ್ಪತ್ರೆಯಿಂದ ಬಂದ ಬೆಕ್ಕಿನ ಮೈಯಲ್ಲಿ ಸ್ಪಿರಿಟ್ ವಾಸನೆ ಇರುತ್ತದೆ, ಗೌರಿಗೆ ಅವನು ಅಪರಿಚಿತನಂತೆ ಕಾಣುತ್ತಾನೆ. ಒಬ್ಬರ ಟವೆಲನ್ನು ಇನ್ನೊಬ್ಬರ ಹತ್ತಿರ ಇಟ್ಟು ವಾಸನೆ ಬದಲಾಯಿಸಿ. ಮುಚ್ಚಿದ ಬಾಗಿಲಿನ ಎರಡೂ ಕಡೆ ಊಟ ಇಡಿ, ಮೊದಲು ಮೂರಡಿ ದೂರ, ದಿನದಿಂದ ದಿನಕ್ಕೆ ಹತ್ತಿರ. ಬುಸುಗುಡದೆ ತಿನ್ನತೊಡಗಿದ ಮೇಲೆ ಬಾಗಿಲನ್ನು ಎರಡು ಇಂಚು ತೆರೆದು ಕಟ್ಟಿ. ಆಮೇಲೆ ಐದು ನಿಮಿಷದ ಭೇಟಿ. ಒಂದು ಹಂತದಲ್ಲಿ ಕೆಟ್ಟರೆ ಹಿಂದಿನ ಹಂತಕ್ಕೆ ಹೋಗಿ. ಅವಸರ ಮಾಡಿ ಒಂದೇ ಸಲ ಎದುರು ಬಿಟ್ಟು ಇನ್ನೊಂದು ಜಗಳವಾದರೆ ಎಲ್ಲ ಮೊದಲಿಂದ.

ಇಷ್ಟಾದರೂ ಆಗದಿದ್ದರೆ

ಬೆಕ್ಕಿಗೆ ಸಮಾಧಾನ ಕೊಡುವ ವಾಸನೆ ಹರಡುವ ಫೆರೊಮೋನ್ ಡಿಫ್ಯೂಸರ್‌ಗಳು ಸಿಗುತ್ತವೆ, ಕೆಲವು ಬೆಕ್ಕಿಗೆ ಉಪಯೋಗ, ಕೆಲವಕ್ಕೆ ಏನೂ ಇಲ್ಲ. ದುಡ್ಡು ಬಿಗಿಯಿದ್ದರೆ ಮೊದಲು ಟ್ರೇ ಮತ್ತು ಪೌಚ್‌ಗೆ ಖರ್ಚು ಮಾಡಿ. ಪದೇ ಪದೇ ಮರುಕಳಿಸುವ ಬೆಕ್ಕಿಗೆ ಆತಂಕ ತಗ್ಗಿಸುವ ಫ್ಲುಆಕ್ಸೆಟಿನ್‌ನಂಥ ಮಾತ್ರೆ ಕೊಡುವುದುಂಟು. ಕೆಲಸ ಮಾಡಲು ನಾಲ್ಕರಿಂದ ಆರು ವಾರ ಬೇಕು, ಮೊದಲಿಗೆ ಹಸಿವು ಕುಗ್ಗಬಹುದು, ಥಟ್ಟನೆ ನಿಲ್ಲಿಸುವಂತಿಲ್ಲ. ಎರಡು ಮೂರು ಸಲ ಮೂತ್ರ ಕಟ್ಟಿಕೊಂಡ ಗಂಡಿಗೆ ಮೂತ್ರನಾಳದ ಕಿರಿದಾದ ತುದಿಯನ್ನೇ ತೆಗೆದು ಅಗಲ ಮಾಡುವ ಆಪರೇಷನ್ ಇದೆ. ಅದು ಕಟ್ಟಿಕೊಳ್ಳುವುದನ್ನು ಬಹುಮಟ್ಟಿಗೆ ತಪ್ಪಿಸುತ್ತದೆ. ಉರಿಯನ್ನು ತಪ್ಪಿಸುವುದಿಲ್ಲ, ಸೋಂಕಿನ ಸಾಧ್ಯತೆಯನ್ನು ಹೆಚ್ಚಿಸುತ್ತದೆ.

ತೋಟಕ್ಕೆ ಬಿಡುವ ಯೋಚನೆಯನ್ನು ನಾನು ಒಪ್ಪುವುದಿಲ್ಲ. ಜಾಗ ಬದಲಾವಣೆಯಿಂದಲೇ ಕೆಡುವ ಕಾಯಿಲೆಯ ಬೆಕ್ಕನ್ನು ನಾಯಿ, ಹಾವು, ಅಪರಿಚಿತ ಬೆಕ್ಕುಗಳಿರುವ ಜಾಗಕ್ಕೆ ಒಯ್ದು ಬಿಟ್ಟರೆ ಅಲ್ಲಿ ಮೂತ್ರ ಕಟ್ಟಿದಾಗ ನೋಡುವವರಿಲ್ಲ. ಮನೆಯಲ್ಲೇ ಬೆಳೆದ ಬೆಕ್ಕು ದಾರಿ ಹುಡುಕಿಕೊಂಡು ಹೊರಟುಹೋಗುತ್ತದೆ, ಹೆದ್ದಾರಿ ದಾಟುವಾಗ ಉಳಿಯುವುದು ಕಷ್ಟ. ಹಸಿವು, ಬಾಯಾರಿಕೆಯಿಂದ ನರಳುವಂತೆ ಸಾಕುಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು. ಮನೆಯಲ್ಲಿ ನಿಭಾಯಿಸಲು ಸಾಧ್ಯವೇ ಇಲ್ಲ ಎಂದಾದರೆ, ಬೇರೆ ಬೆಕ್ಕಿಲ್ಲದ, ಮನೆಯೊಳಗೇ ಸಾಕುವ, ಕಾಯಿಲೆಯ ವಿಷಯ ಪೂರ್ತಿ ತಿಳಿದ ಒಬ್ಬರಿಗೆ ಕೊಡಿ, ಅದೂ ಮೂತ್ರ ಸರಿಹೋಗಿ ಒಂದು ತಿಂಗಳಾದ ಮೇಲೆ. ಅಷ್ಟರಲ್ಲಿ ಕೊಡುವ ಅಗತ್ಯವೇ ಉಳಿಯದಿರಬಹುದು.

ಮುಂದಿನ ಎರಡು ತಿಂಗಳು ಉಂಡೆಗಳ ಸಂಖ್ಯೆ, ಗಾತ್ರವನ್ನು ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಮರುಕಳಿಸುವ ಮುನ್ನ ಉಂಡೆಗಳು ಸಣ್ಣದಾಗುತ್ತವೆ, ಹಾಸಿಗೆ ಒದ್ದೆಯಾಗುವುದು ಆಮೇಲೆ. ಪಕ್ಕದ ಕಟ್ಟಡದ ಮೇಸ್ತ್ರಿಯನ್ನು ಮೋಲ್ಡ್ ಹಾಕುವ ದಿನ ಯಾವುದೆಂದು ಕೇಳಿಟ್ಟುಕೊಳ್ಳಿ. ಆವತ್ತು ಬೆಳಗ್ಗೆಯಿಂದ ರಾತ್ರಿಯವರೆಗೆ ಕಾಂಕ್ರೀಟ್ ಮಿಕ್ಸರ್ ನಿಲ್ಲುವುದಿಲ್ಲ. ಹಿಂದಿನ ರಾತ್ರಿಯೇ ಪುಟ್ಟನ ಪೆಟ್ಟಿಗೆ, ಟ್ರೇ, ನೀರು ಎಲ್ಲವನ್ನೂ ಆ ಗೋಡೆಯಿಂದ ದೂರದ ಕೋಣೆಗೆ ಸಾಗಿಸಿ, ಅವನನ್ನು ಅಲ್ಲೇ ಮಲಗಿಸಿ.